ಕಣ್ಣು ಮುಚ್ಚಿ ತಂದ ಆಂಟಿವೈರಸ್

ಮುದ್ದನಕುಂಟೆಯ ಮುನಿವೆಂಕಟಪ್ಪನವರ ನಡುಮನೆಯ ಗೋಡೆಯ ಮೇಲೆ ಮೂರು ಪಟಗಳಿವೆ. ಒಂದು ಮನೆದೇವರದು. ಇನ್ನೊಂದು ಅವರ ತಂದೆಯವರದು. ಮೂರನೆಯದು ಅವರದೇ ಕಂಪ್ಯೂಟರ್ ತರಬೇತಿಯ ಸರ್ಟಿಫಿಕೇಟು. ದಿನಾ ಬೆಳಿಗ್ಗೆ ಪೂಜೆಯ ಹೊತ್ತಿಗೆ ಹೆಂಡತಿ ಅಕ್ಕಯ್ಯಮ್ಮ ಮೊದಲೆರಡಕ್ಕೆ ಹೂವಿಟ್ಟು, ಮೂರನೆಯದನ್ನು ಕಿಟಕಿಯೋ ಎಂಬಂತೆ ದಾಟಿಹೋಗುವುದು ಮುನಿವೆಂಕಟಪ್ಪನವರ ಮನಸ್ಸಿನಲ್ಲಿ ಹತ್ತು ವರ್ಷದಿಂದ ಉಳಿದುಬಂದ ಒಂದು ಸಣ್ಣ ನೋವು.

ಆ ಸರ್ಟಿಫಿಕೇಟಿನ ಕಥೆ ಇಷ್ಟೇ. ಪಂಚಾಯತಿಯಲ್ಲಿ ಬಿಲ್ ಕಲೆಕ್ಟರಾಗಿದ್ದಾಗ ಅವರನ್ನು ಚಿಕ್ಕಬಳ್ಳಾಪುರಕ್ಕೆ ಮೂರು ದಿನದ ತರಬೇತಿಗೆ ಕಳಿಸಿದ್ದರು. ಮೊದಲನೆಯ ದಿನ ಉದ್ಘಾಟನೆ. ಎರಡನೆಯ ದಿನ ಕರೆಂಟು ಇರಲಿಲ್ಲ. ಮೂರನೆಯ ದಿನ ಕಂಪ್ಯೂಟರನ್ನು ಸರಿಯಾಗಿ ಆರಿಸುವುದು ಹೇಗೆಂದು ಕಲಿಸಿ, ಊಟ ಹಾಕಿ, ಸರ್ಟಿಫಿಕೇಟು ಕೈಗಿಟ್ಟರು. ಹೀಗಾಗಿ ಮುನಿವೆಂಕಟಪ್ಪನವರು ಯಾವ ಕಂಪ್ಯೂಟರನ್ನಾದರೂ ಆರಿಸಬಲ್ಲರು. ಹೊತ್ತಿಸುವುದಕ್ಕೆ ಮಾತ್ರ ಇನ್ನೊಬ್ಬರು ಬೇಕು.

ಆದರೂ ಊರಿನಲ್ಲಿ ಯಾರ ಮೊಬೈಲು ಕೆಟ್ಟರೂ, ಯಾರ ಟೀವಿ ಮುನಿಸಿಕೊಂಡರೂ ಜನ ಅವರನ್ನೇ ಕರೆಯುತ್ತಿದ್ದರು. ಅವರು ಬಂದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕಂಡದ್ದನ್ನೆಲ್ಲ ಒಮ್ಮೆ ಆರಿಸಿ, "ಸ್ವಲ್ಪ ಹೊತ್ತು ಹಂಗೇ ಬಿಟ್ಬಿಡಿ" ಎಂದು ಹೇಳಿ ಹೋಗುತ್ತಿದ್ದರು. ಹತ್ತರಲ್ಲಿ ಆರು ಸಲ ಅದು ಸರಿಹೋಗುತ್ತಿತ್ತು. ಉಳಿದ ನಾಲ್ಕು ಸಲ, "ಅದಕ್ಕೆ ಆಯಸ್ಸು ಮುಗೀತು ಬಿಡಪ್ಪ" ಎನ್ನುತ್ತಿದ್ದರು. ಇಂಥ ಹೆಸರು ಸಂಪಾದಿಸುವುದು ಎಲ್ಲರಿಂದ ಆಗುವ ಕೆಲಸವಲ್ಲ.

ಆ ಶನಿವಾರ ಬೆಳಿಗ್ಗೆ ಅವರನ್ನು ಕರೆದವಳು ಪಕ್ಕದ ಬೀದಿಯ ಭಾನುಪ್ರಿಯಾ. ಈಕೆಗೆ ಎರಡು ವರ್ಷವಿದ್ದಾಗ ಜ್ವರ ಬಂದು ಕಣ್ಣು ಹೋಗಿತ್ತು. ಬೆಂಗಳೂರಿನಲ್ಲಿ ಓದಿ, ಊರಿಗೆ ಹಿಂತಿರುಗಿ, ತಾಯಿಯ ಜೊತೆ ರೇಷ್ಮೆಹುಳು ಸಾಕುತ್ತಿದ್ದಳು. ಈಗ ಮೂವತ್ತೆರಡು ವರ್ಷ. ಅವಳ ಬಳಿ ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು. ಪರದೆಯ ಮೇಲೆ ಏನಿದೆಯೋ ಅದನ್ನು ಅದು ಬಾಯಿಬಿಟ್ಟು ಹೇಳುತ್ತಿತ್ತು, ನೆಗಡಿ ಹಿಡಿದ ಗಿಣಿಯ ಹಾಗೆ. ಅದನ್ನು ಕೇಳಿಕೊಂಡು ಭಾನುಪ್ರಿಯಾ ಮೂರು ವರ್ಷದಿಂದ ಒಂದು ಪುಸ್ತಕ ಬರೆಯುತ್ತಿದ್ದಳು. ಕಿವಿಯಿಂದ, ಬೆರಳಿನಿಂದ ಹುಳು ಸಾಕುವುದು ಹೇಗೆ ಎಂಬುದು ಅದರ ವಿಷಯ. ಹಿಪ್ಪುನೇರಳೆ ಸೊಪ್ಪಿನ ಎಳಸು ಬಲಿತು, ಪೊರೆ ಕಳಚಲು ಹುಳು ಜ್ವರಕ್ಕೆ ಕೂತದ್ದು ಎದ್ದದ್ದು, ರೋಗದ ಹುಳುವಿನ ಚರ್ಮ, ಎಲ್ಲವೂ ಅದರಲ್ಲಿ ಇತ್ತು. ಶಿಡ್ಲಘಟ್ಟದ ಬೆಳೆಗಾರರ ಸಂಘವೊಂದು ಅಚ್ಚು ಹಾಕಿಸಿಕೊಡಲು ಒಪ್ಪಿತ್ತು. ಸೋಮವಾರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಪ್ರೆಸ್ಸಿಗೆ ಕೊಡಬೇಕು. ತಪ್ಪಿದರೆ ಮುಂದಿನ ವರ್ಷದ ಸರದಿ.

"ಮಾವ, ಪುಸ್ತಕ ಕಾಣಿಸ್ತಿಲ್ಲ," ಎಂದಳು ಭಾನುಪ್ರಿಯಾ. ಸದಾ ನಗುವ ಹುಡುಗಿಯ ದನಿ ತೆಳ್ಳಗಾಗಿತ್ತು.

ಅವಳು ಕೀಲಿ ಒತ್ತಿದಳು. "ಶಾರ್ಟ್‌ಕಟ್," ಎಂದಿತು ಗಿಣಿ. ಮತ್ತೆ ಒತ್ತಿದಳು. "ಶಾರ್ಟ್‌ಕಟ್." ಇನ್ನೊಮ್ಮೆ. "ಶಾರ್ಟ್‌ಕಟ್."

"ಆರಿಸಿ ನೋಡಣ್ವೇನಮ್ಮ?"

"ಆರಿಸಿ ಆಯ್ತು ಮಾವ, ನಾಕು ಸಲ. ಇದು ವೈರಸ್. ಫೈಲುಗಳನ್ನೆಲ್ಲ ಬಚ್ಚಿಟ್ಟು ಅದರ ಜಾಗದಲ್ಲಿ ಸುಳ್ಳು ಫೈಲು ಇಟ್ಟಿದೆ. ನಾನು ಬಿಡಿಸಿಟ್ರೆ ಮತ್ತೆ ಬಚ್ಚಿಡುತ್ತೆ. ಈಗ ಪೆನ್‌ಡ್ರೈವ್‌ಗೆ ಹಾಕ್ಕೊಂಡು ಹೋದ್ರೆ ಪ್ರೆಸ್ಸಿನೋರ ಕಂಪ್ಯೂಟರಿಗೂ ಅಂಟುತ್ತೆ. ಮೊದ್ಲು ಇದನ್ನ ತೆಗೀಬೇಕು." ಸ್ವಲ್ಪ ತಡೆದು ಹೇಳಿದಳು: "ನನ್ನ ಕಂಪ್ಯೂಟರಿಗೆ ನೆಟ್ಟೇ ಇಲ್ಲ. ಯಾವುದೋ ಪೆನ್‌ಡ್ರೈವ್‌ನಿಂದ ಬಂದಿರಬೇಕು."

ಮುನಿವೆಂಕಟಪ್ಪನವರು ಕೆಮ್ಮಿದರು. ಯಾಕೆಂದರೆ ಬುಧವಾರ, ಗೋಡೆಯನ್ನು ಗೆದ್ದಲು ತಿಂದರೆ ಗತಿಯೇನೆಂದು, ಸಾದಲಿಯ ಪ್ರಿಂಟಿಂಗ್ ಅಂಗಡಿಯೊಂದರಲ್ಲಿ ಸರ್ಟಿಫಿಕೇಟಿನ ಚಿತ್ರ ತೆಗೆಸಿ, ಅಂಗಡಿಯವನ ಪೆನ್‌ಡ್ರೈವಿನಲ್ಲಿ ತಂದು, "ಇದೊಂದು ನಿನ್ನ ಕಂಪ್ಯೂಟರಲ್ಲಿ ಒಂದು ಮೂಲೇಲಿ ಇರ್ಲಿ ಕಣಮ್ಮ" ಎಂದು ಹಾಕಿಸಿದವರು ಅವರೇ. ಬೇರೆ ಯಾರೂ ಆ ವಾರ ಅದರ ಹತ್ತಿರ ಸುಳಿದಿರಲಿಲ್ಲ. ಭಾನುಪ್ರಿಯಾ ಆ ಕೆಮ್ಮಿನ ಕಡೆಗೆ ಒಂದು ಗಳಿಗೆ ಮುಖ ತಿರುಗಿಸಿದಳು.

"ಪ್ರಿಂಟಿಂಗ್ ಅಂಗಡಿಗಳೋರೇ ಹಿಂಗೆ ಮಾಡೋದು," ಎಂದರು ಮುನಿವೆಂಕಟಪ್ಪನವರು, ಗೋಡೆಯ ಕಡೆ ನೋಡುತ್ತಾ. "ಔಷಧಿ ಏನು ಹೇಳಮ್ಮ, ತರ್ತೀನಿ."

"ಅಮ್ಮ ಸೊಪ್ಪಿಗೆ ಹೋಗಿದಾರೆ. ಬಂದ್ಮೇಲೆ ನಾನೇ ಚಿಂತಾಮಣಿಗೆ ಹೋಗ್ತೀನಿ ಬಿಡಿ."

"ನಾನಿರೋವಾಗ ನೀನ್ಯಾಕಮ್ಮ? ಸಾಯಂಕಾಲದೊಳಗೆ ತಂದೆ ಅಂದ್ಕೋ."

ಭಾನುಪ್ರಿಯಾ ನಿಧಾನವಾಗಿ, ಹಾಲಿನ ಡೇರಿಗೆ ಹೊಸದಾಗಿ ಹೋಗುವವನಿಗೆ ಹೇಳುವಂತೆ ಹೇಳಿದಳು. ಆಂಟಿವೈರಸ್ ಬೇಕು. ಅದನ್ನು ಇನ್‌ಸ್ಟಾಲ್ ಮಾಡುವಂತಿರಬಾರದು, ಪೆನ್‌ಡ್ರೈವಿನಲ್ಲೇ ಇದ್ದು ಅಲ್ಲಿಂದಲೇ ಓಡಬೇಕು. ನೆಟ್ ಕೇಳಬಾರದು, ಇವತ್ತಿನವರೆಗಿನ ವೈರಸ್ಸುಗಳ ಪಟ್ಟಿಯನ್ನೂ ಅಂಗಡಿಯಲ್ಲೇ ತುಂಬಿಸಿಕೊಂಡು ಬರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಅದರ ಒಂದೊಂದು ಗುಂಡಿಯ ಹೆಸರನ್ನೂ ತನ್ನ ಲ್ಯಾಪ್‌ಟಾಪು ಓದಿ ಹೇಳುವಂತಿರಬೇಕು.

"ಅದು ಓದುತ್ತೋ ಇಲ್ವೋ ನಂಗೆ ಅಂಗಡೀಲಿ ಹೆಂಗಮ್ಮ ಗೊತ್ತಾಗುತ್ತೆ?"

"ಮಾತಾಡೋ ಸಾಫ್ಟ್‌ವೇರ್ ಅಲ್ಲೇ ಹಾಕ್ಸಿ. ಆಮೇಲೆ ನೀವು ಕಣ್ಮುಚ್ಕೊಂಡು ಕೂತ್ಕೊಳ್ಳಿ. ಮೊದಲಿಂದ ಕೊನೇವರೆಗೆ ಕಣ್ಣು ತೆಗೀದೆ ನಿಮ್ಮ ಕೈಲಿ ಆಯ್ತು ಅಂದ್ರೆ, ನನ್ನ ಕೈಲೂ ಆಗುತ್ತೆ."

ಮನೆಯಲ್ಲಿ ಅಕ್ಕಯ್ಯಮ್ಮ ಬಾಗಿಲಿಗೆ ಅಡ್ಡ ನಿಂತರು. "ನಮ್ಮ ಹುಳು ಇವತ್ತೋ ನಾಳೇನೋ ಹಣ್ಣಾಗಿ ಗೂಡು ಕಟ್ಟೋಕೆ ನಿಲ್ಲುತ್ತೆ. ಎಲ್ಲಿಗೆ ಹೊರಟ್ರಿ ಟವಲ್ ಹಾಕ್ಕೊಂಡು?"

"ಕಂಪ್ಯೂಟರ್ ಕೆಲಸ," ಎಂದರು ಮುನಿವೆಂಕಟಪ್ಪನವರು. ಅಕ್ಕಯ್ಯಮ್ಮ ಬಾಗಿಲು ಬಿಟ್ಟು ಸರಿದರು.

ಚಿಂತಾಮಣಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹರಿಕೃಷ್ಣ ಎಂಬಾತನದೊಂದು ಕಂಪ್ಯೂಟರ್ ಅಂಗಡಿ. ಮುಂದೆ ಒಂದು ಗಾಜಿನ ಮೇಜು, ಹಿಂದೆ ಬಿಚ್ಚಿ ಹಾಕಿದ ಕಂಪ್ಯೂಟರುಗಳ ರಾಶಿ.

"ಆಂಟಿವೈರಸ್ಸಾ? ಒಂದು ವರ್ಷದ್ದು ಕೊಡ್ಲಾ, ಮೂರು ವರ್ಷದ್ದು ಕೊಡ್ಲಾ ಯಜಮಾನ್ರೇ?"

"ಇವತ್ತು ಸಾಯಂಕಾಲದ್ದು ಕೊಡಪ್ಪ."

ಹರಿಕೃಷ್ಣ ಒಂದು ಡಬ್ಬಿ ತೆಗೆದಿಟ್ಟ. "ಮನೆಗೆ ಹೋಗಿ ನೆಟ್ಟಿಗೆ ಹಾಕಿ. ಅದೇ ಇಳಿಸ್ಕೊಳ್ಳುತ್ತೆ."

"ನಮ್ಮೂರಲ್ಲಿ ನೆಟ್ ಬೇಕು ಅಂದ್ರೆ ನೀರಿನ ಟ್ಯಾಂಕ್ ಹತ್ಬೇಕು ಕಣಪ್ಪ. ಹತ್ತಿದೋನು ಫೋನಲ್ಲಿ ಹಲೋ ಅನ್ನೋವಷ್ಟು ಸಿಗುತ್ತೆ."

ಮುನಿವೆಂಕಟಪ್ಪನವರು ತಾವು ಬಂದ ಕಾರಣವನ್ನು ಬುಧವಾರದ ವಿಷಯ ಬಿಟ್ಟು ಉಳಿದಂತೆ ಪೂರ್ತಿ ಹೇಳಿದರು. ಹರಿಕೃಷ್ಣ ಡಬ್ಬಿಯನ್ನು ಒಳಗಿಟ್ಟ. ಅಂಗಡಿಯಲ್ಲಿ ಇನ್ನೂ ಇಬ್ಬರು ಕಾಯುತ್ತಿದ್ದರು. ಅವರಿಗೆ, "ಒಂದೆರಡು ಗಂಟೆ ಬಿಟ್ಟು ಬನ್ನಿ," ಎಂದ. ಎರಡು ಕುರ್ಚಿ ಎಳೆದ. ಕುರುಡರೇ ಕೂತು ಬರೆದ, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದ ಮಾತಾಡುವ ತಂತ್ರಾಂಶವೊಂದನ್ನು ತನ್ನ ಕಂಪ್ಯೂಟರಿಗೆ ತುಂಬಿಸಿದ. ಅಲ್ಲೂ ಅದೇ ನೆಗಡಿಯ ಗಿಣಿ ಕೂಗಿತು. ಮುನಿವೆಂಕಟಪ್ಪನವರಿಗೆ ನೆಂಟರು ಸಿಕ್ಕಷ್ಟು ಸಂತೋಷವಾಯಿತು.

"ಆಯಮ್ಮಂಗೆ ಮೌಸ್ ಏನಕ್ಕೆ," ಎಂದು ಹರಿಕೃಷ್ಣ ಮೌಸನ್ನು ಕಿತ್ತಿಟ್ಟ. "ಕಣ್ಮುಚ್ಕೊಳ್ಳಿ ಸಾರ್."

ಮುಚ್ಚಿಕೊಂಡರು. ಗಿಣಿ, "ಬಟನ್," ಎಂದಿತು. ಇನ್ನೊಂದು ಕೀಲಿ ಒತ್ತಿದರು. "ಬಟನ್." ಮತ್ತೊಂದು. "ಬಟನ್."

"ಯಾವ ಬಟನ್ನೋ, ಅದಕ್ಕೊಂದು ಹೆಸ್ರು ಕುಲ ಇಲ್ವೇನೋ?" ಎಂದು ಮುನಿವೆಂಕಟಪ್ಪನವರು ಕಣ್ಣು ತೆಗೆದರು.

"ಕಣ್ಣು ತೆಗೀತಿದೀರ ಸಾರ್."

"ತಾನಾಗೇ ತೆಗೀತೈತಪ್ಪ. ಐವತ್ತೆಂಟು ವರ್ಷದ ಅಭ್ಯಾಸ."

ಅದಕ್ಕೆ ಉಪಾಯ ಕಂಡದ್ದು ಹೆಗಲ ಮೇಲಿನ ಟವಲು. ಕನ್ನಡಕ ತೆಗೆದು ಗಾಜಿನ ಮೇಜಿನ ಮೇಲಿಟ್ಟು, ಟವಲನ್ನು ಎರಡು ಸುತ್ತು ಸುತ್ತಿ ಹಿಂದೆ ಗಂಟು ಹಾಕಿಸಿಕೊಂಡರು. ಹೆಸರಿಲ್ಲದ ಬಟನ್ನಿನ ಆಂಟಿವೈರಸ್ಸು ಕಸದ ಬುಟ್ಟಿಗೆ ಹೋಯಿತು. ಎರಡನೆಯದು ಬಾಯಿ ತೆರೆದ ಕೂಡಲೇ ಇಂಟರ್ನೆಟ್ ಕೇಳಿತು. ಮೂರನೆಯದು ಎಲ್ಲವನ್ನೂ ಚೆನ್ನಾಗಿ ಓದಿ, ಕೊನೆಗೆ ಬರುವ ಹೊತ್ತಿಗೆ ಚಿತ್ರದಲ್ಲಿರುವ ಅಕ್ಷರ ನೋಡಿ ಬರೆಯಿರಿ ಎಂದಿತು. ಹರಿಕೃಷ್ಣ ಬೆವರು ಒರೆಸಿಕೊಂಡು ನಾಲ್ಕನೆಯದನ್ನು ಇಳಿಸತೊಡಗಿದ.

ಇದೇ ಹೊತ್ತಿನಲ್ಲಿ ಮುದ್ದನಕುಂಟೆಯ ಅಶ್ವತ್ಥಮ್ಮ, ಮುನಿವೆಂಕಟಪ್ಪನವರ ಎದುರುಮನೆಯಾಕೆ, ತರಕಾರಿ ಬೀಜ ಕೊಳ್ಳಲು ಬಂದವರು ಆ ಬೀದಿಯಲ್ಲಿ ಹಾದುಹೋದರು. ಒಳಗೆ ಪರಿಚಯದ ಬೆನ್ನು ಕಂಡು ನಿಂತರು. ಕಣ್ಣಿಗೆ ಬಿಳಿ ಬಟ್ಟೆ ಕಟ್ಟಿದ್ದಾರೆ. ಯಾರೋ ಹುಡುಗ ಕೈಹಿಡಿದು ಗುಂಡಿಗಳ ಮೇಲೆ ಇಡುತ್ತಿದ್ದಾನೆ.

"ಏನೂ ಕಾಣಿಸ್ತಿಲ್ಲಪ್ಪ, ಎಲ್ಲಾ ಕತ್ಲೆ," ಎನ್ನುತ್ತಿದ್ದರು ಮುನಿವೆಂಕಟಪ್ಪನವರು.

"ಕಣ್ಣಿತ್ತು ಅನ್ನೋದನ್ನೇ ಮರೆತುಬಿಡಿ ಸಾರ್. ಇನ್ಮೇಲೆ ಎಲ್ಲಾ ಕೈಯಲ್ಲೇ. ಅಭ್ಯಾಸ ಆಗ್ಬಿಡುತ್ತೆ."

ಅಶ್ವತ್ಥಮ್ಮ ಒಳಗೆ ಹೋಗಿ ಏನೆಂದು ಕೇಳಬಹುದಿತ್ತು. ಆದರೆ ಕೇಳಿದರೆ ಸುದ್ದಿ ಸಣ್ಣದಾಗಿಬಿಡುವ ಅಪಾಯವಿತ್ತು. ಬೀಜವನ್ನೂ ಕೊಳ್ಳದೆ ಅವರು ಹನ್ನೆರಡೂವರೆಯ ಬಸ್ಸು ಹತ್ತಿದರು.

ನಾಲ್ಕನೆಯದು ಗೆದ್ದಿತು. "ಸ್ಕ್ಯಾನ್ ಶುರುಮಾಡಿ, ಬಟನ್," ಎಂದಿತು ಗಿಣಿ. ಮುನಿವೆಂಕಟಪ್ಪನವರು ಟವಲಿನೊಳಗೇ ಅಗಲವಾಗಿ ನಕ್ಕರು. ಶುರುವಿನಿಂದ ಕೊನೆಯವರೆಗೆ ಮೂರು ಸಲ ಕಣ್ಣು ಕಟ್ಟಿಕೊಂಡೇ ಓಡಿಸಿದರು. ಮೂರನೆಯ ಸಲಕ್ಕೆ ಹರಿಕೃಷ್ಣ ಬಾಯಿ ಹಾಕಲೇ ಇಲ್ಲ. ತಮ್ಮ ಐವತ್ತೆಂಟನೆಯ ವಯಸ್ಸಿನಲ್ಲಿ ಅವರು ಕಂಪ್ಯೂಟರಿನಲ್ಲಿ ಆರಿಸುವುದನ್ನು ಬಿಟ್ಟು ಬೇರೊಂದು ಕೆಲಸ ಕಲಿತಿದ್ದರು. ಹರಿಕೃಷ್ಣ ಅಂದಿನ ಪಟ್ಟಿಯನ್ನೂ ತುಂಬಿಸಿ, ಪೆನ್‌ಡ್ರೈವನ್ನು ಕಾಗದದಲ್ಲಿ ಸುತ್ತಿಕೊಟ್ಟ. ದುಡ್ಡು ಎಷ್ಟೆಂದರೆ, "ಪುಸ್ತಕ ಬಂದಾಗ ನಂಗೊಂದು ಕೊಡಿಸಿ ಸಾರ್, ನಮ್ಮಮ್ಮನೂ ಹುಳು ಸಾಕ್ತಾರೆ," ಎಂದ. ಮುನಿವೆಂಕಟಪ್ಪನವರು ಕೈ ಮುಗಿದು, ಅದೇ ಸಂಭ್ರಮದಲ್ಲಿ ಬಸ್ಸಿಗೆ ಓಡಿದರು. ಕನ್ನಡಕ ಗಾಜಿನ ಮೇಜಿನ ಮೇಲೆಯೇ ಉಳಿಯಿತು.

ನಾಲ್ಕು ಗಂಟೆಗೆ ಊರಿನಲ್ಲಿ ಇಳಿದಾಗ ಎಲ್ಲವೂ ಮಬ್ಬು ಮಬ್ಬಾಗಿತ್ತು. ಬಸ್ ನಿಲ್ಲುವ ಅರಳಿಕಟ್ಟೆಯ ಹತ್ತಿರ ಒಂದು ದೊಡ್ಡ ಬಣ್ಣಬಣ್ಣದ ರಾಶಿ ಕಂಡಿತು. ಯಾರೋ ಹೂವಿನ ಮೂಟೆ ಸುರಿದಿದ್ದಾರೆ ಎಂದುಕೊಂಡರು. ಆ ರಾಶಿ ಗೊಳೋ ಎಂದು ಅತ್ತಿತು.

"ರೀ!" ಎಂದು ಅಕ್ಕಯ್ಯಮ್ಮ ಓಡಿಬಂದು ಅವರ ಒಂದು ತೋಳು ಹಿಡಿದರು. ಇನ್ನೊಂದು ತೋಳನ್ನು ಹಿಡಿದದ್ದು ಅಕ್ಕಯ್ಯಮ್ಮನ ತಮ್ಮ ಚೆನ್ನರಾಯಪ್ಪ. ಅಕ್ಕ ನೀರಿನ ಟ್ಯಾಂಕು ಹತ್ತಿ ಫೋನು ಮಾಡಿದ್ದೇ ತಡ, ಗೌರಿಬಿದನೂರಿನಿಂದ ಕಾರು ಮಾಡಿಕೊಂಡು ಮನೆಮಂದಿಯನ್ನೆಲ್ಲ ತುಂಬಿಕೊಂಡು ಬಂದಿದ್ದ. "ಅಯ್ಯೋ ದೇವುಡಾ, ಭಾವ! ಮೆಲ್ಲಗೆ ಬನ್ನಿ. ಕಲ್ಲಿದೆ. ಕಾಲೆತ್ತಿ ಇಡಿ. ಇನ್ನೂ ಎತ್ತಿ."

"ಯಾಕೋ, ಏನಾಯ್ತೋ?"

"ಏನೂ ಆಗಿಲ್ಲ ಭಾವ. ಏನೂ ಆಗಿಲ್ಲ. ಧೈರ್ಯ ತಂದ್ಕೊಳ್ಳಿ."

ಹೀಗೆ ಇಬ್ಬರ ನಡುವೆ ಒಂಟಿಕಾಲಿನ ಕೊಕ್ಕರೆಯಂತೆ ಕಾಲೆತ್ತಿ ಇಡುತ್ತ ಮುನಿವೆಂಕಟಪ್ಪನವರು ತಮ್ಮ ಅಂಗಳ ತಲುಪಿದರು. ಅಲ್ಲಿ ಹುಳುಮನೆಯ ಬಾಗಿಲಿಗೆ, ಒಳಗೆ ಹೋಗುವವರು ಕಾಲು ಅದ್ದಿಕೊಳ್ಳಲೆಂದು ಬ್ಲೀಚಿಂಗ್ ಪುಡಿಯ ನೀರಿನ ತಟ್ಟೆ ಇತ್ತು. ಕನ್ನಡಕವಿಲ್ಲದ ಅವರು ಸರಿಯಾಗಿ ಅದರೊಳಗೆ ಕಾಲಿಟ್ಟು ಜಾರಿ ಚೆನ್ನರಾಯಪ್ಪನ ಮೇಲೆ ಬಿದ್ದರು. ಕಣ್ಣು ಹೋಗಿದೆಯೆಂದು ಅಲ್ಲಿಯವರೆಗೆ ಅರ್ಧ ನಂಬಿದ್ದವರು ಪೂರ್ತಿ ನಂಬಿದರು.

"ದಿನಾ ಅಲ್ಲೇ ಇರೋ ತಟ್ಟೆ ಕಣೇ," ಎಂದು ಒಬ್ಬಾಕೆ ಕಣ್ಣೊರೆಸಿಕೊಂಡಳು.

ಅವರನ್ನು ಜಗಲಿಯ ಮೇಲೆ, ದಿಂಬಿಗೆ ಒರಗಿಸಿ ಕೂರಿಸಿದರು. ಯಾರೋ ಎಳನೀರು ಬಾಯಿಗೇ ಹಿಡಿದರು. ಹೊಲದ ಬದುವಿನ ವಿಷಯಕ್ಕೆ ಏಳು ವರ್ಷದಿಂದ ಮಾತು ಬಿಟ್ಟಿದ್ದ ಮೋಹನ್‌ಬಾಬು ಒಂದು ಗಡಿಗೆ ಮೊಸರು ತಂದಿಟ್ಟು, "ಬದು ನೀವು ಹೇಳಿದ ಕಡೇನೇ ಇರ್ಲಿ ಬಿಡಿ ಅಣ್ಣ," ಎಂದ. ಅಕ್ಕಯ್ಯಮ್ಮ ಅಳುತ್ತಳುತ್ತಲೇ ನೆಂಟರ ಮೇಲೆ ಕಣ್ಣಿಟ್ಟಿದ್ದರು: "ಊದುಬತ್ತಿ ಹಚ್ಬೇಡ್ರೋ, ಹುಳುಗಳಿಗೆ ಆಗಲ್ಲ! ಮುಖಕ್ಕೆ ಪೌಡರ್ ಬಳ್ಕೊಂಡಿರೋರು ಆ ಕಡೆ ಹೋಗ್ಬೇಡ್ರಮ್ಮ!"

ಎಳನೀರು ಮುಗಿದ ಮೇಲೆ ಮುನಿವೆಂಕಟಪ್ಪನವರಿಗೆ ಬಾಯಿ ಬಿಡುವುದಕ್ಕೆ ಅವಕಾಶ ಸಿಕ್ಕಿತು. "ನಂಗೆ ಕಣ್ಣು ಕಾಣುತ್ತೆ ಕಣ್ರೋ."

"ನನ್ನ ಸಮಾಧಾನಕ್ಕೆ ಹೇಳ್ತಿದಾರೆ," ಎಂದು ಅಕ್ಕಯ್ಯಮ್ಮ ಬಿಕ್ಕಿದರು.

"ಇಲ್ಲ ಕಣೇ! ನೋಡು, ನೀನು ಹಸ್ರು ಸೀರೆ ಉಟ್ಟಿದೀಯ."

ಇದರಿಂದ ಎಲ್ಲ ಸರಿಹೋಗುತ್ತದೆ ಎಂದು ಅವರು ತಿಳಿದದ್ದು ತಪ್ಪಾಯಿತು. ಅಕ್ಕಯ್ಯಮ್ಮ ಎದೆಗೆ ಕೈಯಿಟ್ಟುಕೊಂಡು ಕುಸಿದರು. "ಮೂವತ್ತ್ನಾಕು ವರ್ಷದಿಂದ ನಾನು ಯಾವ ಸೀರೆ ಉಟ್ಟಿದೀನಿ ಅಂತ ಈ ಮನುಷ್ಯ ಒಂದಿನ ನೋಡಿದೋರಲ್ಲ. ಇವತ್ತು ಹೇಳ್ತಾರೆ ಅಂದ್ರೆ... ಬೆಳಿಗ್ಗೆ ಕೊನೇ ಸಲ ನೋಡಿದ್ದು ಮನಸಲ್ಲಿ ಇಟ್ಕೊಂಡಿದಾರೆ, ತಾಯೀ!"

ಹೆಂಗಸರೆಲ್ಲ ಮತ್ತೆ ಶುರು ಮಾಡಿದರು.

"ಇರ್ರಿ, ಇರ್ರಿ. ಪರೀಕ್ಷೆ ಮಾಡಣ," ಎಂದು ಚೆನ್ನರಾಯಪ್ಪ ಮುಂದೆ ಬಂದು ಕೈಯೆತ್ತಿದ. "ಭಾವ, ಇದು ಎಷ್ಟು ಬೆರಳು ಹೇಳಿ."

ಮುನಿವೆಂಕಟಪ್ಪನವರು ಕಣ್ಣು ಕಿರಿದು ಮಾಡಿ ಎಣಿಸಿದರು. ಅವರು ಸ್ವಭಾವದಿಂದ ಪ್ರಾಮಾಣಿಕರು. ಚೆನ್ನರಾಯಪ್ಪ ಎತ್ತಿದ್ದು ನಾಲ್ಕು ಬೆರಳು. ಅದರಲ್ಲಿ ಒಂದನ್ನು ಚಿಕ್ಕಂದಿನಲ್ಲಿ ಮೇವು ಕತ್ತರಿಸುವ ಯಂತ್ರ ಅರ್ಧಕ್ಕೆ ತೆಗೆದುಕೊಂಡಿತ್ತು.

"ಮೂರೂವರೆ," ಎಂದರು.

ಚೆನ್ನರಾಯಪ್ಪ ಕೈ ಇಳಿಸಿ, ಮುಖ ತಿರುಗಿಸಿ, ಟವಲಿನಿಂದ ಕಣ್ಣೊತ್ತಿಕೊಂಡ. "ತಲೆಗೂ ಏರೈತೆ," ಎಂದ ಮೆಲ್ಲಗೆ.

ಆಗ ಬಂದವರು ಸರ್ಕಾರಿ ಕಚೇರಿಯೊಂದರ ರಮೇಶ್‌ಬಾಬು. ಒಂದು ಕಾಲಕ್ಕೆ ಮುನಿವೆಂಕಟಪ್ಪನವರ ಜೊತೆ ಕೆಲಸ ಮಾಡಿದವರು. ಸುದ್ದಿ ಕೇಳಿದ ಎರಡೇ ಗಂಟೆಯಲ್ಲಿ ಅಂಗವಿಕಲರ ಗುರುತಿನ ಚೀಟಿಯ ಅರ್ಜಿಯನ್ನು ಹಿಡಿದು ಮನೆಬಾಗಿಲಿಗೇ ಬಂದಿದ್ದರು. "ನಮ್ಮೋರಿಗೆ ನಾವು ಮಾಡ್ದೆ ಇನ್ಯಾರು ಮಾಡ್ತಾರೆ? ಮುನಿವೆಂಕಟಪ್ಪನೋರೇ, ಇಲ್ಲಿ ಏನು ಬರೆದೈತೆ ಓದಿ ನೋಡಣ."

"ಕನ್ನಡಕ ಇಲ್ದೆ ಓದಕ್ಕಾಗಲ್ಲ ಸಾರ್. ಚಿಂತಾಮಣೀಲಿ..."

"ಓದಲು ಅಸಮರ್ಥ," ಎಂದು ರಮೇಶ್‌ಬಾಬು ಬರೆದುಕೊಂಡರು.

ಮುನಿವೆಂಕಟಪ್ಪನವರು ಸುತ್ತಲೂ ನೋಡಿದರು. ಇಷ್ಟು ಜನ ತಮಗಾಗಿ ಬಂದಿದ್ದಾರೆ. ಮೊಸರು ಬಂದಿದೆ, ಬದು ಬಂದಿದೆ. ತಮಗೆ ಕಣ್ಣಿದೆ ಎಂದು ಹಟ ಹಿಡಿಯುವುದು ಇಷ್ಟು ಜನಕ್ಕೆ ಮಾಡುವ ಅವಮಾನವೋ ಏನೋ ಎಂಬಷ್ಟರ ಮಟ್ಟಿಗೆ ಅವರು ಬಂದಿದ್ದರು. ಜೇಬಿನೊಳಗೆ ಕಾಗದದಲ್ಲಿ ಸುತ್ತಿದ ಪೆನ್‌ಡ್ರೈವು ಚುಚ್ಚುತ್ತಿತ್ತು. ಏಳಲು ಹೋದರೆ ನಾಲ್ಕು ಕೈಗಳು ಮತ್ತೆ ದಿಂಬಿಗೆ ಒರಗಿಸುತ್ತಿದ್ದವು.

ಆ ಹೊತ್ತಿಗೆ ಬೀದಿಯಲ್ಲಿ ಕೋಲಿನ ಸದ್ದಾಯಿತು. ಟಕ್, ಟಕ್. ಭಾನುಪ್ರಿಯಾ ಲ್ಯಾಪ್‌ಟಾಪಿನ ಚೀಲವನ್ನು ಎದೆಗೆ ಅವುಚಿಕೊಂಡು ಬಂದಳು. ಬ್ಲೀಚಿಂಗ್ ನೀರಿನ ತಟ್ಟೆಯನ್ನು ಕೋಲಿನಿಂದ ಮುಟ್ಟಿ, ಸುತ್ತಿ ಬಂದು, ಜಗಲಿಯ ಮೆಟ್ಟಿಲು ಹತ್ತಿದಳು. ಯಾರೂ ಅವಳ ತೋಳು ಹಿಡಿಯಲಿಲ್ಲ. ಹಿಡಿಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ಮಾವ, ಬಸ್ಸು ಬಂದು ಮುಕ್ಕಾಲು ಗಂಟೆ ಆಯ್ತು. ತಂದ್ರಾ?"

"ತಂದಿದೀನಮ್ಮ! ನಾಲ್ಕನೇದು ಸಿಕ್ತು! ಮೂರು ಸಲ ಓಡಿಸ್ದೆ, ಟವಲ್ ಕಟ್ಕೊಂಡು. ಬಟನ್ನಿಗೆಲ್ಲ ಹೆಸ್ರೈತೆ!"

"ಭಾನೂ, ಮಾತಾಡಿಸಬೇಡಮ್ಮ," ಎಂದರು ಅಶ್ವತ್ಥಮ್ಮ. "ನಿಮ್ಮ ಮಾವ ಬೆಳಿಗ್ಗೆ ಇದ್ದಂಗಿಲ್ಲ. ನಾನೇ ನೋಡ್ದೆ. ಅಂಗಡೀಲಿ ಕಣ್ಣಿಗೆ ಬಟ್ಟೆ ಕಟ್ಟಿ, ಕುರುಡರಿಗೆ ಕಲಿಸೋ ಹಂಗೆ ಕಲಿಸ್ತಿದ್ರು."

ಭಾನುಪ್ರಿಯಾಳ ಹೊಟ್ಟೆಯೊಳಗಿಂದ ಎದ್ದ ನಗು ಲ್ಯಾಪ್‌ಟಾಪಿನ ಚೀಲವನ್ನೂ ಕುಣಿಸಿತು. "ಕಣ್ಣು ಮುಚ್ಕೊಳ್ಳಿ ಅಂತ ಹೇಳಿದ್ದೇ ನಾನಲ್ವೇ ಅತ್ತೆ! ನನ್ನ ಹಂಗೆ ಕೂತು ನೋಡ್ಕೊಂಡು ಬನ್ನಿ ಅಂತ ಕಳಿಸಿದ್ದೆ."

ಅವಳು ಬಿಡಿಸಿ ಹೇಳಿದ್ದನ್ನು ಕೇಳುತ್ತ ಹೋದಂತೆ ಜಗಲಿಯ ಮೇಲಿದ್ದವರು ಒಬ್ಬೊಬ್ಬರಾಗಿ ಅಶ್ವತ್ಥಮ್ಮನ ಕಡೆ ತಿರುಗಿದರು. ಅಶ್ವತ್ಥಮ್ಮ ಮೊಸರಿನ ಗಡಿಗೆಯ ಮುಚ್ಚಳ ಸರಿಮಾಡಿದರು. "ಕಾಣಿಸ್ತಿಲ್ಲ ಅಂದಿದ್ದು ನಿಜ ತಾನೇ?" ಎಂದರು. ಚೆನ್ನರಾಯಪ್ಪ ತನ್ನ ಬೆರಳು ನೋಡಿಕೊಂಡು, "ಹಂಗಾದ್ರೆ ಮೂರೂವರೆ ಸರೀನೇ," ಎಂದ.

ಭಾನುಪ್ರಿಯಾ ಕೇಳಿದಳು: "ಇಲ್ಲಿ ಅರ್ಜಿ ಅಂತ ಏನೋ ಕೇಳಿಸ್ತಲ್ಲ. ರಮೇಶ್‌ಬಾಬು ಸಾರ್ ದನಿ."

"ಅದು... ಗುರುತಿನ ಚೀಟಿದಮ್ಮ."

"ಮನೆಗೇ ತಂದ್ಕೊಡ್ತೀರಾ ಸಾರ್? ನನ್ನ ಚೀಟಿ ಹೊಸದು ಮಾಡಿಸೋಕೆ ನಾನು ನಿಮ್ಮ ಆಫೀಸಿಗೆ ಹನ್ನೊಂದು ಸಲ ಬಂದಿದ್ದೆ." ಅದರಲ್ಲಿ ಕೊಂಕಿರಲಿಲ್ಲ, ಎಣಿಕೆ ಇತ್ತು. ರಮೇಶ್‌ಬಾಬು ಕಾಗದ ನೋಡಿದರು, ಆಕಾಶ ನೋಡಿದರು, 'ಓದಲು ಅಸಮರ್ಥ' ಎಂಬುದಿದ್ದ ಹಾಳೆಯನ್ನು ಹರಿದು ಹೊಸದೊಂದು ತೆಗೆದು, "ಹೆಸ್ರು ಹೇಳಮ್ಮ. ಇವತ್ತೇ ತಗೊಂಡು ಹೋಗ್ತೀನಿ," ಎಂದರು.

ಹೆಸರು ಹೇಳಲು ಹೋದ ಭಾನುಪ್ರಿಯಾ ತಟ್ಟನೆ ಕೈಯೆತ್ತಿ, ಹುಳುಮನೆಯ ಕಡೆಗೆ ಕಿವಿ ತಿರುಗಿಸಿದಳು. ಹುಳು ಮೇಯುವಾಗ ಎಲೆಯ ಮೇಲೆ ತುಂತುರು ಬಿದ್ದಂಥ ಸದ್ದು ಇರುತ್ತದೆ. ಸಾಕುವ ಮನೆಯವರಿಗೆ ಅದು ಉಸಿರಿನಷ್ಟೇ ಅಭ್ಯಾಸ.

"ಅಕ್ಕಯ್ಯಮ್ಮತ್ತೆ, ಸೊಪ್ಪು ಹಾಕಿದ್ದು ಯಾವಾಗ?"

"ಮಧ್ಯಾಹ್ನ, ಈ ಅಶ್ವತ್ಥಮ್ಮ ಬಂದು ಹೇಳೋಕ್ಕೆ ಮೊದ್ಲು. ಯಾಕಮ್ಮ?"

"ಮೇಯೋ ಸದ್ದೇ ಇಲ್ಲ. ಹಣ್ಣಾಗಿವೆ ಅತ್ತೆ."

ಅಕ್ಕಯ್ಯಮ್ಮ ಕಣ್ಣೀರು ಕೊಡವಿ ಎದ್ದರು. ಒಳಗೆ ಹೋಗಿ ನೋಡಿದರೆ ತಟ್ಟೆತಟ್ಟೆಯಲ್ಲೂ ಹುಳುಗಳು ಹೊನ್ನಿನ ಬಣ್ಣಕ್ಕೆ ತಿರುಗಿ, ಗೂಡು ಕಟ್ಟುವ ಜಾಗ ಹುಡುಕುತ್ತ ತಲೆಯೆತ್ತಿ ಆಡಿಸುತ್ತಿವೆ. ಈಗಲೇ ಒಂದೊಂದನ್ನೂ ಕೈಯಲ್ಲಿ ಆರಿಸಿ ಗೂಡು ಕಟ್ಟಿಸುವ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡದಿದ್ದರೆ ಸೊಪ್ಪಿನ ಕಸದಲ್ಲೇ ಗೂಡು ಕಟ್ಟಿ ಬೆಳೆ ಹಾಳಾಗುತ್ತದೆ. ಬೇರೆ ದಿನವಾಗಿದ್ದರೆ ಇಷ್ಟು ಕೈಗಳನ್ನು ಎಲ್ಲಿಂದ ತರುವುದು? ಇವತ್ತು ಇಪ್ಪತ್ತಾರು ಜನ ಅಳುವ ಕೆಲಸ ಮುಗಿಸಿ ಸುಮ್ಮನೆ ಕೂತಿದ್ದರು.

"ಎಲ್ರೂ ಮುಖ ತೊಳೀರಿ! ಕಾಲು ಅದ್ದಿ! ಚೆನ್ನರಾಯ, ಚಂದ್ರಿಕೆ ಇಳಿಸೋ!"

ನೆಂಟರು ಪೌಡರು ತೊಳೆದು ಒಳಗೆ ಹೋದರು. ಮೋಹನ್‌ಬಾಬು ಪಂಚೆ ಎತ್ತಿಕಟ್ಟಿದ. ಕನ್ನಡಕವಿಲ್ಲದ ಮುನಿವೆಂಕಟಪ್ಪನವರು ಹುಳು ಆರಿಸುವ ಕೆಲಸಕ್ಕೆ ಬಾರರೆಂದು ತೀರ್ಮಾನವಾಗಿ, ಜಗಲಿಯ ಮೇಲೆ ಭಾನುಪ್ರಿಯಾಳ ಪಕ್ಕದಲ್ಲಿ ಉಳಿದರು.

ಅವಳು ಪೆನ್‌ಡ್ರೈವು ಸಿಕ್ಕಿಸಿದಳು. ಬೆರಳುಗಳು ಓಡಿದವು. "ಸ್ಕ್ಯಾನ್ ಶುರುಮಾಡಿ, ಬಟನ್," ಎಂದಿತು ಗಿಣಿ. ಭಾನುಪ್ರಿಯಾ ಒಂದು ದೊಡ್ಡ ಉಸಿರು ಬಿಟ್ಟು ಒತ್ತಿದಳು. ದನಿಯನ್ನು ಜೋರು ಮಾಡಿದಳು, ಒಳಗಿನವರಿಗೂ ಕೇಳಲಿ ಎಂದು.

"ಶೇಕಡ ಎಂಟು," ಎಂದಿತು ಗಿಣಿ. ಒಳಗೆ ಹುಳುಗಳು ಚಂದ್ರಿಕೆ ಏರುತ್ತಿದ್ದವು. "ಶೇಕಡ ಹತ್ತೊಂಬತ್ತು." ಎರಡನೆಯ ಚಂದ್ರಿಕೆ ತುಂಬಿತು. ಗಿಣಿ ಒಂದೊಂದು ಅಂಕಿ ಹೇಳಿದಾಗಲೂ ಒಳಗಿನಿಂದ ಚೆನ್ನರಾಯಪ್ಪ, "ನಾವು ನಲವತ್ತು!" ಎಂದು ಪೈಪೋಟಿಗೆ ಕೂಗುತ್ತಿದ್ದ.

ಶೇಕಡ ಅರವತ್ತೆರಡಕ್ಕೆ ಬಂದಾಗ ಗಿಣಿ ನಿಂತಿತು. ಆಮೇಲೆ ಊರಿಗೆಲ್ಲ ಕೇಳುವಂತೆ, ಒಂದೊಂದೇ ಪದ ಬಿಡಿಸಿ ಹೇಳಿತು:

"ವೈರಸ್ ಪತ್ತೆಯಾಗಿದೆ. ಫೈಲಿನ ಹೆಸರು: ಮುನಿವೆಂಕಟಪ್ಪ ಸರ್ಟಿಫಿಕೇಟು."

ಮುನಿವೆಂಕಟಪ್ಪನವರಿಗೆ ಆ ಗಳಿಗೆಯಲ್ಲಿ ನಿಜವಾಗಿಯೂ ಕಣ್ಣು ಕತ್ತಲೆ ಬಂತು. "ಭಾನಮ್ಮ," ಎಂದರು, "ಬುಧವಾರ... ನಾನೇ ಕಣಮ್ಮ."

"ಗೊತ್ತಿತ್ತು ಮಾವ."

"ಯಾವಾಗಿಂದ?"

"ನೀವು ಕೆಮ್ಮಿದಾಗಿಂದ."

ಗಿಣಿ ಕಾಯುತ್ತಿತ್ತು. "ಅಳಿಸಬೇಕೇ? ಹೌದು, ಬಟನ್. ಇಲ್ಲ, ಬಟನ್."

ಭಾನುಪ್ರಿಯಾ ಬೆರಳು ಇಟ್ಟು ತಡೆದಳು. "ಅಳಿಸ್ಲಾ ಮಾವ?"

"ನೀನ್ಯಾಕಮ್ಮ, ನಾನಿರೋವಾಗ," ಎಂದು ಮುನಿವೆಂಕಟಪ್ಪನವರು ಲ್ಯಾಪ್‌ಟಾಪನ್ನು ತಮ್ಮ ಕಡೆಗೆ ಎಳೆದುಕೊಂಡರು. ಅಭ್ಯಾಸಬಲದಿಂದ ಕಣ್ಣು ಮುಚ್ಚಿದರು. ಕೀಲಿಗಳನ್ನು ಬೆರಳಿನಿಂದಲೇ ಹುಡುಕಿ, "ಹೌದು, ಬಟನ್," ಎಂಬಲ್ಲಿಗೆ ಬಂದು, ಒತ್ತಿದರು.

"ಅಳಿಸಲಾಗಿದೆ," ಎಂದಿತು ಗಿಣಿ. ಒಳಗಿನಿಂದ ಚೆನ್ನರಾಯಪ್ಪನ ಸಿಳ್ಳೆ ಕೇಳಿಸಿತು.

ಕೊನೆಯ ಚಂದ್ರಿಕೆ ತುಂಬುವ ಹೊತ್ತಿಗೆ ಸ್ಕ್ಯಾನೂ ಮುಗಿದಿತ್ತು. ಬಚ್ಚಿಟ್ಟ ಫೈಲುಗಳನ್ನು ಭಾನುಪ್ರಿಯಾ ಒಂದೊಂದಾಗಿ ಬಿಡಿಸಿದಳು. ಪುಸ್ತಕ ತೆರೆದು, ಮೊದಲ ಪುಟಕ್ಕೆ ಕೀಲಿ ಒತ್ತಿದಳು. ಕೈ ತೊಳೆದು ಹೊರಬಂದವರೆಲ್ಲ ಅಂಗಳದಲ್ಲೇ ನಿಂತರು.

"ಕೃತಜ್ಞತೆಗಳು," ಎಂದಿತು ಗಿಣಿ. "ನನ್ನ ಬೆರಳನ್ನು ಹಿಡಿದು ಎಳೆಸೊಪ್ಪು ಯಾವುದು, ಬಲಿತದ್ದು ಯಾವುದು ಎಂದು ತೋರಿಸಿದ ಅಮ್ಮನಿಗೆ. ಹುಳುಮನೆಯೊಳಗೆ ನನ್ನನ್ನು ಬಿಟ್ಟುಕೊಂಡ ಊರಿನ ಎಲ್ಲ ಮನೆಗಳಿಗೆ."

ಭಾನುಪ್ರಿಯಾ ಅಲ್ಲಿ ನಿಲ್ಲಿಸಿ, ಒಂದು ಸಾಲು ಹೊಸದಾಗಿ ಸೇರಿಸಿದಳು. ಆಮೇಲೆ ಅದನ್ನು ಓದಿಸಿದಳು.

"ಈ ಪುಸ್ತಕಕ್ಕಾಗಿ ಒಂದು ದಿನದ ಮಟ್ಟಿಗೆ ಕಣ್ಣು ಕಳೆದುಕೊಂಡ ಮುನಿವೆಂಕಟಪ್ಪ ಮಾವನಿಗೆ."

ಮುನಿವೆಂಕಟಪ್ಪನವರು ಟವಲಿನಿಂದ ಮುಖ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು. "ಮತ್ತೆ ಕಟ್ಕೊಂಡ್ಬಿಟ್ರಾ ಏನು ಕಥೆ," ಎಂದರು ಅಶ್ವತ್ಥಮ್ಮ.

ಭಾನುವಾರ ಆ ದಾರಿಯ ಬಸ್ಸು ಇರುವುದಿಲ್ಲ. ಸೋಮವಾರ ಬೆಳಿಗ್ಗೆ ಚಿಂತಾಮಣಿಯಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಮೊದಲ ಬಸ್ಸು ಅರಳಿಕಟ್ಟೆಯ ಹತ್ತಿರ ನಿಂತಿತು. ಪುಸ್ತಕವಿದ್ದ ಪೆನ್‌ಡ್ರೈವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಭಾನುಪ್ರಿಯಾ ಹತ್ತಿದಳು. ಕಂಡಕ್ಟರ್ ಕಾಗದದ ಪೊಟ್ಟಣವೊಂದನ್ನು ಕೆಳಗೆ ನೀಡಿದ: ಹರಿಕೃಷ್ಣ ಕಳಿಸಿದ ಕನ್ನಡಕ. ಮುನಿವೆಂಕಟಪ್ಪನವರು ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನಿಂತು ನೋಡಿ ಮನೆಗೆ ಬಂದರು.

ನಡುಮನೆಯಲ್ಲಿ ಅಕ್ಕಯ್ಯಮ್ಮನ ಪೂಜೆ ಮುಗಿದಿತ್ತು. ಮುನಿವೆಂಕಟಪ್ಪನವರು ಗೋಡೆ ನೋಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಮೂರನೆಯ ಪಟದ ಮೇಲೂ ಒಂದು ಕನಕಾಂಬರ ಇತ್ತು.

"ಕಂಪ್ಯೂಟರ್ ಒಳಗಿಂದು ಅಳಿಸ್ಬಿಟ್ರಲ್ಲ," ಎಂದರು ಅಕ್ಕಯ್ಯಮ್ಮ, ಬೆನ್ನು ತಿರುಗಿಸಿಕೊಂಡೇ. "ಇದಾದ್ರೂ ಇರ್ಲಿ ಅಂತ."

ಏನಾದರೂ ಹೇಳಬೇಕು ಎನಿಸಿತು. ಏನು ಹೇಳುವುದೆಂದು ತಿಳಿಯದೆ ಮುನಿವೆಂಕಟಪ್ಪನವರು, "ಆ ನೀಲಿ ಸೀರೆ ನಿಂಗೆ ಚೆನ್ನಾಗಿ ಒಪ್ಪುತ್ತೆ ಕಣೇ," ಎಂದರು.

ಅಕ್ಕಯ್ಯಮ್ಮ ಆರತಿ ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟರು. ಗಂಡನ ಮುಖವನ್ನೇ ನೋಡುತ್ತ, ಎರಡು ಹೆಜ್ಜೆ ಹಿಂದೆ ಹೋಗಿ ನಿಂತು, ನಾಲ್ಕು ಬೆರಳು ಎತ್ತಿ ಹಿಡಿದರು.

"ಎಷ್ಟು?" ಎಂದರು.